ಪಂಪ್, ಸ್ಪೇಸರ್, ಕ್ಯಾಪ್ಸೂಲು, ನೆಬ್ಯುಲೈಸರ್: ಉಬ್ಬಸಕ್ಕೆ ಯಾವುದು ತಗೊಳ್ಳೋದು?

ಬುಡೆಸೊನೈಡ್ ಅನ್ನುವ ಒಂದೇ ಸ್ಟಿರಾಯ್ಡ್ ಔಷಧಿ ಮೆಡಿಕಲ್ ಶಾಪಿನಲ್ಲಿ ಮೂರು ವೇಷದಲ್ಲಿ ಕೂತಿರುತ್ತದೆ. ಒತ್ತಿದರೆ ಪುಸ್ಸನೆ ಹೊಮ್ಮುವ ಪಂಪ್ ಒಂದು, ಪುಡಿ ತುಂಬಿದ ಕ್ಯಾಪ್ಸೂಲು ಇನ್ನೊಂದು, ನೆಬ್ಯುಲೈಸರಿಗೆ, ಅಂದರೆ ದ್ರವ ಔಷಧಿಯನ್ನು ಮಂಜಾಗಿಸುವ ಮಷೀನಿಗೆ, ಸುರಿಯುವ 2 ಮಿಲಿಯ ಪ್ಲಾಸ್ಟಿಕ್ ರೆಸ್ಪ್ಯೂಲು ಮತ್ತೊಂದು. ಡಾಕ್ಟರ ಚೀಟಿಯಲ್ಲಿ ಔಷಧಿಯ ಹೆಸರೂ ಡೋಸೂ ಇರುತ್ತವೆ. ಈ ರೋಗಿಯ ಕೈಗೆ, ಈ ರೋಗಿಯ ಉಸಿರಿಗೆ ಯಾವ ವೇಷ ಹೊಂದುತ್ತದೆ ಎಂದು ಕೂತು ಮಾತಾಡುವಷ್ಟು ಪುರಸೊತ್ತು ಓಪಿಡಿಯ ಸಾಲಿನಲ್ಲಿ ಸಿಗುವುದು ಕಡಿಮೆ. ಗೊಂದಲ ಶುರುವಾಗುವುದು ಮನೆಗೆ ಬಂದ ಮೇಲೆ. ಪಕ್ಕದ ಮನೆಯವರು "ಮಷೀನೇ ತಗೊಳ್ಳಿ, ಪವರ್ ಜಾಸ್ತಿ" ಅನ್ನುತ್ತಾರೆ. ಅತ್ತೆ "ಪಂಪ್ ಹಿಡಿದರೆ ಬಿಡಿಸೋಕಾಗಲ್ಲ, ಮಾತ್ರೆ ಸಾಕು" ಅನ್ನುತ್ತಾರೆ.

ಇಲ್ಲಿ ಹೇಳಹೊರಟಿರುವುದು ಇಷ್ಟೇ: ಒಳಗಿನ ಔಷಧಿ ಒಂದೇ ಆಗಿರುವಾಗ, ತೆಗೆದುಕೊಳ್ಳುವವರಿಗೆ ತಪ್ಪಿಲ್ಲದೆ ಬಳಸಲು ಬರುವ ಸಾಧನವೇ ಒಳ್ಳೆಯ ಸಾಧನ. ಬಹುಪಾಲು ಮನೆಗಳಿಗೆ ಅದು ಪಂಪಿನ ಜೊತೆಗೆ ಸ್ಪೇಸರ್ ಎಂಬ ಟೊಳ್ಳು ಕೊಳವೆ. ಆದರೆ ಎಲ್ಲರಿಗೂ ಅಲ್ಲ. ಏಕೆಂದು ಮುಂದೆ ನೋಡೋಣ.

ಮೊದಲು ಕಾಯಿಲೆ ಯಾವುದೆಂದು ಗೊತ್ತಾಗಲಿ

ದಮ್ಮು ಬಂದವರೆಲ್ಲ ಆಸ್ತಮಾದವರಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಆಗಬೇಕಾದದ್ದು ಕಫದ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ. ಅದನ್ನು ಬಿಟ್ಟು ಪಂಪ್ ಹಿಡಿದು ಕೂತರೆ ತಿಂಗಳುಗಳು ಹಾಳು.

ಆಸ್ತಮಾವೋ ಸಿಒಪಿಡಿಯೋ (ಹೊಗೆಯಿಂದ ಶ್ವಾಸನಾಳ ಕಾಯಮ್ಮಾಗಿ ಕಿರಿದಾಗುವ ಕಾಯಿಲೆ) ಎಂದು ಬಿಡಿಸಿ ಹೇಳುವುದು ಸ್ಪೈರೋಮೆಟ್ರಿ. ಕೊಳವೆಗೆ ಜೋರಾಗಿ ಊದಿಸಿ, ಶ್ವಾಸನಾಳವನ್ನು ಬೇಗ ಸಡಿಲಿಸುವ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ 12ಕ್ಕಿಂತ ಹೆಚ್ಚು, ಜೊತೆಗೆ 200 ಮಿಲಿಗಿಂತಲೂ ಹೆಚ್ಚು ಏರಿದರೆ ಅದು ಆಸ್ತಮಾದ ಕಡೆಗೆ ಬೊಟ್ಟು ಮಾಡುತ್ತದೆ. ಔಷಧಿ ಕೊಟ್ಟ ಮೇಲೂ ಆ ಗಾಳಿ ಒಟ್ಟು ಊದಿದ್ದರ ಶೇ 70ಕ್ಕಿಂತ ಕಡಿಮೆಯೇ ಉಳಿದರೆ ಸಿಒಪಿಡಿಯ ಯೋಚನೆ ಬರುತ್ತದೆ. ಬೀಡಿ ಸೇದಿದವರಲ್ಲಿ ಅಷ್ಟೇ ಅಲ್ಲ, ಮೂವತ್ತು ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತ ಹೆಂಗಸರಲ್ಲೂ. ಪರೀಕ್ಷೆಯ ದಿನ ಬೆಳಿಗ್ಗೆ ಪಂಪ್ ತೆಗೆದುಕೊಂಡು ಹೋದರೆ ಫಲಿತಾಂಶ ಕೆಡುತ್ತದೆ. ಸಾಲ್ಬುಟಮಾಲ್ ಆದರೆ ಕನಿಷ್ಠ 4 ಗಂಟೆ ಬಿಡುವು ಕೊಡಬೇಕು, ದಿನಕ್ಕೆರಡು ಬಾರಿಯ ದೀರ್ಘಾವಧಿ ಔಷಧಿಗೆ 24 ಗಂಟೆ. ನಿಲ್ಲಿಸಿದರೆ ತೊಂದರೆಯಾಗುವಷ್ಟು ದಮ್ಮಿದ್ದರೆ ನಿಲ್ಲಿಸಬೇಡಿ, ತೆಗೆದುಕೊಂಡದ್ದನ್ನು ಲ್ಯಾಬಿನವರಿಗೆ ಹೇಳಿ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು ಕೈ ಮತ್ತು ಉಸಿರಿನ ತಾಳ. ಒತ್ತುವ ಕ್ಷಣಕ್ಕೇ ಉಸಿರೆಳೆಯಲು ಬರುತ್ತದೆಯೇ? ಸಂಧಿವಾತದ ಬೆರಳು, ನಡುಗುವ ಕೈ, ಮರೆವು ಇವೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತವೆ.

ಎರಡನೆಯದು ಉಸಿರೆಳೆಯುವ ಜೋರು. ಪಂಪಿಗೆ ನಿಧಾನವಾದ ಉಸಿರು ಬೇಕು, ಪುಡಿಗೆ ರಭಸದ ಉಸಿರು. ಸಾಧನ ಬದಲಿಸಿದವರು ಎಡವುವುದು ಇಲ್ಲೇ: ಪಂಪನ್ನು ಸರ್ರನೆ ಎಳೆಯುತ್ತಾರೆ, ಪುಡಿಯನ್ನು ಮೆಲ್ಲಗೆ.

ಮೂರನೆಯದು ಔಷಧಿಯ ಕೆಲಸ. ದಮ್ಮು ಬಂದ ಗಳಿಗೆಗೆ ಬೇಕಾದದ್ದೋ, ದಮ್ಮೇ ಬರದ ಹಾಗೆ ದಿನಾ ತೆಗೆದುಕೊಳ್ಳುವಂಥದ್ದೋ? ತುರ್ತಿನದು ಜೇಬಿನಲ್ಲಿರಬೇಕು. ದಿನದ್ದು ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿದ್ದರೂ ಸಾಕು.

ಇನ್ನು ಖರ್ಚು. ಡಬ್ಬಿಯ ಬೆಲೆ ನೋಡಿದರೆ ಮೋಸಹೋಗುತ್ತೀರಿ, ತಿಂಗಳ ಲೆಕ್ಕ ಹಾಕಿ. ದಿನಕ್ಕೆರಡು ಹೊತ್ತು ಎರಡೆರಡು ಪಫ್ ಅಂದರೆ 120 ಡೋಸಿನ ಪಂಪ್ ಸರಿಯಾಗಿ 30 ದಿನ ಬರುತ್ತದೆ. ದಿನಕ್ಕೆರಡು ಕ್ಯಾಪ್ಸೂಲಾದರೆ 30ರ ಬಾಟಲಿ ಹದಿನೈದೇ ದಿನ, ತಿಂಗಳಿಗೆ ಎರಡು ಬಾಟಲಿ. ಅಂಗಡಿಯಲ್ಲಿ ಅಗ್ಗವಾಗಿ ಕಂಡದ್ದು ಮನೆಯಲ್ಲಿ ಅಗ್ಗವಾಗಿ ಉಳಿಯುವುದಿಲ್ಲ. ಕಡೆಯದಾಗಿ ನಿಮ್ಮೂರಿನ ಹವೆ ಮತ್ತು ಕರೆಂಟು. ಆಗುಂಬೆಯ ಆಷಾಢದಲ್ಲಿ ಸರಿಹೋಗದ ಸಾಧನ ರಾಯಚೂರಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ.

ಬರೀ ಪಂಪ್

ಅಂಗೈಯಷ್ಟು ಗಾತ್ರ, ಕರೆಂಟು ಬೇಡ, ಮಳೆಗೆ ಹೆದರುವುದಿಲ್ಲ. ತುರ್ತಿಗೆ ಇದಕ್ಕಿಂತ ಕೈಗೆಟಕುವುದು ಇನ್ನೊಂದಿಲ್ಲ. ತೊಂದರೆ ಇರುವುದು ಬಳಸುವ ವಿಧಾನದಲ್ಲಿ. ಔಷಧಿ ಅತಿವೇಗದಲ್ಲಿ ಹೊಮ್ಮುವುದರಿಂದ ಹೆಚ್ಚಿನ ಪಾಲು ಗಂಟಲಿನ ಹಿಂಗೋಡೆಗೇ ಬಡಿದು ನಿಲ್ಲುತ್ತದೆ. ತಾಳ ತಪ್ಪಿದರೆ ಶ್ವಾಸಕೋಶಕ್ಕೆ ಇಳಿಯುವುದು ಹತ್ತರಲ್ಲೊಂದು ಪಾಲೂ ಇರಲಿಕ್ಕಿಲ್ಲ.

ಕ್ರಮ ಹೀಗೆ. ಮುಚ್ಚಳ ತೆಗೆದು ಬಾಯಿಗಿಡುವ ತುದಿಯೊಳಗೆ ಇಣುಕಿ ನೋಡಿ. ಬ್ಯಾಗಿನಲ್ಲಿ ಮುಚ್ಚಳವಿಲ್ಲದೆ ಬಿದ್ದಿದ್ದ ಪಂಪಿನೊಳಗೆ ನಾಣ್ಯ, ಅಡಿಕೆ ಚೂರು ಸೇರಿಕೊಂಡಿರುವುದುಂಟು. ಚೆನ್ನಾಗಿ ಅಲ್ಲಾಡಿಸಿ. ಹೊಸದಾದರೆ, ಅಥವಾ ವಾರಗಟ್ಟಲೆ ಮುಟ್ಟದೆ ಇಟ್ಟಿದ್ದರೆ, ಒಳಗಿನ ಚೀಟಿಯಲ್ಲಿ ಹೇಳಿದಷ್ಟು ಸಲ ಗಾಳಿಗೆ ಒತ್ತಿ. ಸಾಲ್ಬುಟಮಾಲ್ ಪಂಪಿಗೆ ಸಾಮಾನ್ಯವಾಗಿ 4 ಸಲ. ಉಸಿರನ್ನು ಪೂರ್ತಿ ಹೊರಬಿಡಿ. ತುಟಿ ಬಿಗಿಹಿಡಿದು, ಉಸಿರೆಳೆಯಲು ಶುರುಮಾಡಿದ ಮರುಕ್ಷಣ ಒಂದೇ ಒಂದು ಸಲ ಒತ್ತಿ, ನಾಲ್ಕೈದು ಸೆಕೆಂಡು ಎಳೆಯುತ್ತಲೇ ಇರಿ. ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೇ ಪಫ್‌ಗೆ ಅರ್ಧ ನಿಮಿಷ ತಡೆದು, ಮತ್ತೆ ಅಲ್ಲಾಡಿಸಿ ತೆಗೆದುಕೊಳ್ಳಿ. ಒಂದೇ ಉಸಿರಿಗೆ ಎರಡು ಸಲ ಒತ್ತುವುದು ದುಡ್ಡು ದಂಡ.

ಮೂಗು ಬಾಯಿಂದ ಬಿಳಿ ಹೊಗೆ ಹೊರಬಂತೆಂದರೆ ಔಷಧಿ ಒಳಗೆ ಹೋಗಿಲ್ಲ ಎಂದೇ ಅರ್ಥ. ಕನ್ನಡಿ ಮುಂದೆ ನಿಂತು ಒಮ್ಮೆ ಮಾಡಿ ನೋಡಿದರೆ ತಪ್ಪು ನಿಮಗೇ ಕಾಣುತ್ತದೆ.

ಖಾಲಿಯಾದದ್ದು ತಿಳಿಯುವುದು ಇನ್ನೊಂದು ತಲೆನೋವು. 200 ಡೋಸು ಮುಗಿದ ಮೇಲೂ ಪಂಪ್ ಪುಸ್ ಪುಸ್ ಅನ್ನುತ್ತಲೇ ಇರುತ್ತದೆ. ಬರುವುದು ತಳ್ಳುಗಾಳಿ, ಔಷಧಿ ಅಲ್ಲ. ಡಬ್ಬಿಯನ್ನು ನೀರಲ್ಲಿ ತೇಲಿಸಿ ನೋಡುವ ಹಳೇ ಉಪಾಯ ನಂಬಬೇಡಿ. ಡೋಸ್ ಕೌಂಟರ್ ಇರುವುದನ್ನೇ ಕೇಳಿ ತನ್ನಿ. ಇಲ್ಲವಾದರೆ ಶುರುಮಾಡಿದ ತಾರೀಕನ್ನು ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆದು ಲೆಕ್ಕವಿಡಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲಂತೂ ಇಡಲೇಬೇಡಿ.

ಪಂಪಿಗೊಂದು ಸ್ಪೇಸರ್

ಸ್ಪೇಸರ್ ಅಂದರೆ ಒಂದು ಟೊಳ್ಳು ಪ್ಲಾಸ್ಟಿಕ್ ಕೊಳವೆ. ಒಂದು ತುದಿಗೆ ಪಂಪ್, ಇನ್ನೊಂದು ತುದಿಗೆ ಬಾಯಿ. ಬೆಲೆ ಕೆಲವು ನೂರು ರೂಪಾಯಿ. ಔಷಧಿಯ ಮೋಡ ಅದರೊಳಗೆ ಕ್ಷಣ ನಿಲ್ಲುತ್ತದೆ. ದೊಡ್ಡ ಹನಿಗಳು ಗೋಡೆಗೆ ಅಂಟುತ್ತವೆ, ಸಣ್ಣವು ಉಸಿರಿನೊಂದಿಗೆ ಕೆಳಗಿಳಿಯುತ್ತವೆ. ಕೈ ಮತ್ತು ಉಸಿರಿನ ತಾಳದ ಗೋಜೇ ಬೇಡ. ಗಂಟಲಿಗೆ ಬಡಿಯುವ ಸ್ಟಿರಾಯ್ಡ್ ಕಡಿಮೆಯಾಗುವುದರಿಂದ ಬಾಯಿಯ ಬಿಳಿ ಹುಣ್ಣು, ಸ್ವರ ಒಡೆಯುವುದು ಎರಡೂ ತಗ್ಗುತ್ತವೆ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಲಾಭ ಕೊಡುವ ವಸ್ತು ಈ ಕಾಯಿಲೆಯಲ್ಲಿ ಇನ್ನೊಂದಿಲ್ಲ. ಆದರೂ ಚೀಟಿಯಲ್ಲಿ ಬರೆದಿದ್ದರೂ ಕೊಳ್ಳದೆ ಬರುವವರೇ ಹೆಚ್ಚು, "ಬರೀ ಪ್ಲಾಸ್ಟಿಕ್ ತಾನೇ" ಎಂದು.

ಮೂರು ವರ್ಷದವರೆಗಿನ ಮಕ್ಕಳಿಗೆ ಮಾಸ್ಕ್ ಇರುವ ಸ್ಪೇಸರ್. ನಾಲ್ಕು ತುಂಬಿ, ಹೇಳಿದರೆ ತಿಳಿಯುವಂತಾದ ಮೇಲೆ ಬಾಯಿಗಿಡುವುದೇ ಸರಿ. ಮಾಸ್ಕ್ ಮೂಗು ಬಾಯಿಗೆ ಬಿಗಿಯಾಗಿ ಕೂರಬೇಕು. ಚೂರು ಸಂದಿಯಿದ್ದರೂ ಡೋಸು ಸೋರಿಹೋಗುತ್ತದೆ. ಒಂದು ಪಫ್ ಒತ್ತಿ, ಮಗು ಸಹಜವಾಗಿ ಐದಾರು ಸಲ ಉಸಿರಾಡಲಿ. ಸ್ಪೇಸರಿನ ವಾಲ್ವ್ ಆಡುವುದು ಕಣ್ಣಿಗೆ ಕಾಣುತ್ತದೆ, ಅದನ್ನೇ ಎಣಿಸಿ. ಎರಡನೇ ಪಫ್ ಬೇಕಿದ್ದರೆ ಆಮೇಲೆ. ಎರಡನ್ನೂ ಒಟ್ಟಿಗೆ ಒತ್ತಿ ತುಂಬಿಸಿದರೆ ಹನಿಗಳು ಒಂದಕ್ಕೊಂದು ಕೂಡಿಕೊಂಡು ಗೋಡೆಗೆ ಹತ್ತುತ್ತವೆ. ಅಳುವ ಮಗುವಿನ ಶ್ವಾಸಕೋಶಕ್ಕೆ ಔಷಧಿ ತೀರಾ ಕಡಿಮೆ ಇಳಿಯುತ್ತದೆ. ಮೊದಲ ಎರಡು ದಿನ ಖಾಲಿ ಸ್ಪೇಸರ್ ಕೊಟ್ಟು ಗೊಂಬೆಗೆ ಹಾಕಿ ಆಡಿಸಿ.

ತೊಳೆಯುವುದರಲ್ಲೊಂದು ಸೂಕ್ಷ್ಮವಿದೆ. ಪ್ಲಾಸ್ಟಿಕ್ಕನ್ನು ಬಟ್ಟೆಯಿಂದ ತಿಕ್ಕಿ ಒರೆಸಿದರೆ ಸ್ಥಾಯಿ ವಿದ್ಯುತ್ತು ಹುಟ್ಟಿ ಔಷಧಿಯೆಲ್ಲ ಒಳಗೋಡೆಗೆ ಎಳೆದುಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಅದರಲ್ಲಿ ಅದ್ದಿ ತೆಗೆದು, ಒರೆಸದೆ ನೆರಳಲ್ಲಿ ನಿಲ್ಲಿಸಿ ಆರಿಸಿ. ಬಾಯಿಗಿಡುವ ತುದಿಯನ್ನು ಮಾತ್ರ ಆಮೇಲೆ ಬರೀ ನೀರಲ್ಲೂ ತೊಳೆಯಿರಿ. ತಿಂಗಳಿಗೊಮ್ಮೆ ಮಾಡಿದರೂ ಸಾಕು. ವಾಲ್ವ್ ಗಟ್ಟಿಯಾದರೆ, ಬಿರುಕು ಬಿಟ್ಟರೆ ಹೊಸದು ತನ್ನಿ.

ಸ್ಪೇಸರ್ ಸಿಗದ ಊರಿನಲ್ಲಿ ರಾತ್ರಿ ಹೊತ್ತು ದಮ್ಮು ಬಂದರೆ ಅರ್ಧ ಲೀಟರಿನ ನೀರಿನ ಬಾಟಲಿಯೂ ಕೆಲಸಕ್ಕೆ ಬರುತ್ತದೆ. ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟೇ ತೂತು ಮಾಡಿ, ಸುತ್ತ ಟೇಪು ಸುತ್ತಿ, ಬಾಟಲಿಯ ಬಾಯಿಂದ ಉಸಿರಾಡಿಸುವುದು. ಇದು ಯಾರೋ ಹೇಳಿದ ಮನೆಮದ್ದಲ್ಲ. ಹೀಗೆ ಸಂದು ಮುಚ್ಚಿದ ಬಾಟಲಿ ಅಂಗಡಿಯ ಸ್ಪೇಸರಿಗೆ ಸಮನಾಗಿ ಕೆಲಸ ಮಾಡಿದ್ದನ್ನು ದಕ್ಷಿಣ ಆಫ್ರಿಕಾದ ಮಕ್ಕಳ ವೈದ್ಯರು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ಅಧ್ಯಯನದಲ್ಲಿ ಥರ್ಮೋಕೋಲ್ ಲೋಟ ಸೋತಿತ್ತು.

ಕೊರತೆ? ಜೇಬಿನಲ್ಲಿ ಹಿಡಿಸುವುದಿಲ್ಲ. ಬಸ್ಸಿನಲ್ಲಿ, ಕ್ಲಾಸಿನಲ್ಲಿ ತೆಗೆಯಲು ನಾಚಿಕೆಪಡುವವರೂ ಇದ್ದಾರೆ. ಹದಿಹರೆಯದವರಿಗೆ ಈ ಒಂದೇ ಕಾರಣಕ್ಕೆ ಬೇರೆ ಸಾಧನ ಯೋಚಿಸಬೇಕಾಗುತ್ತದೆ.

ಪುಡಿಯ ಕ್ಯಾಪ್ಸೂಲು

ರೋಟಾಹೇಲರ್, ರೆವೊಲೈಸರ್ ಎಂಬ ಪುಡಿ ಎಳೆಯುವ ಸಾಧನಗಳಲ್ಲಿ ಒತ್ತುವ ಕೆಲಸವೇ ಇಲ್ಲ. ನಿಮ್ಮ ಉಸಿರೇ ಪುಡಿಯನ್ನು ಎಬ್ಬಿಸಿ ಒಳಗೊಯ್ಯುತ್ತದೆ. ಹೊರಗಿಂದ ಒಳಗೆ ಎಲ್ಲ ಕಾಣುವುದರಿಂದ ಡೋಸು ಹೋಯಿತೋ ಇಲ್ಲವೋ ಎಂಬ ಅನುಮಾನ ಉಳಿಯುವುದಿಲ್ಲ. ಇದು ವಯಸ್ಸಾದವರಿಗೆ ದೊಡ್ಡ ಸಮಾಧಾನ. ದಿನಕ್ಕಿಷ್ಟು ಎಂದು ಎಣಿಸಿ ಕೊಡಲೂ ಸುಲಭ.

ರೋಟಾಹೇಲರಿನ ಚೌಕ ತೂತಿಗೆ ಕ್ಯಾಪ್ಸೂಲಿನ ಪಾರದರ್ಶಕ ತುದಿ ಮೊದಲು ಹೋಗುವಂತೆ ಅದುಮಿ, ಬುಡವನ್ನು ಕೊನೆಯವರೆಗೆ ತಿರುಗಿಸಬೇಕು. ಕ್ಯಾಪ್ಸೂಲು ಎರಡು ಹೋಳಾಗಿ ಪುಡಿ ಉದುರುತ್ತದೆ. ರೆವೊಲೈಸರಿನಲ್ಲಿ ಮುಚ್ಚಿದಾಗ ಸೂಜಿಗಳು ಚುಚ್ಚುತ್ತವೆ, ಎಳೆಯುವಾಗ ಕ್ಯಾಪ್ಸೂಲು ಗಿರ್ರನೆ ತಿರುಗುವ ಸದ್ದು ಬರುತ್ತದೆ. ಸದ್ದು ಬರಲಿಲ್ಲವೆಂದರೆ ಉಸಿರು ಸಾಲಲಿಲ್ಲ, ಇಲ್ಲವೇ ಕ್ಯಾಪ್ಸೂಲು ಸಿಕ್ಕಿಕೊಂಡಿದೆ. ಮೊದಲ ಕ್ಷಣದಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಹತ್ತು ಎಣಿಸಿ ಬಿಡಿ. ತೆರೆದು ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ.

ಇದರ ಶತ್ರು ತೇವ. ಸಾಧನದೊಳಕ್ಕೆ ಒಮ್ಮೆ ಉಸಿರು ಬಿಟ್ಟರೂ ಪುಡಿ ಮುದ್ದೆಯಾಗುತ್ತದೆ. ಕರಾವಳಿ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಟಲಿಯ ಮುಚ್ಚಳ ಸಡಿಲವಿದ್ದರೆ ಕ್ಯಾಪ್ಸೂಲು ಮೆತ್ತಗಾಗಿ ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಬಾಟಲಿಯಲ್ಲೇ ಇರಲಿ, ಬೇಕಾದಾಗ ಒಂದನ್ನು ತೆಗೆಯಿರಿ; ಬೆಳಿಗ್ಗೆಗೆಂದು ರಾತ್ರಿಯೇ ತುಂಬಿಡಬೇಡಿ. ಸಾಧನ ತೊಳೆದರೆ ಪೂರ್ತಿ ಒಣಗಿದ ಮೇಲೆಯೇ ಬಳಕೆ. ಆದ್ದರಿಂದ ಸಾಧನ ಎರಡಿದ್ದರೆ ಅನುಕೂಲ, ಬೆಲೆಯೂ ಹೆಚ್ಚಿಲ್ಲ. ಇನ್ನೊಂದು ಮಾತು: ಇದನ್ನು ಮಾತ್ರೆಯೆಂದು ನೀರಿನ ಜೊತೆ ನುಂಗಿದವರಿದ್ದಾರೆ, ವಾರಗಟ್ಟಲೆ. ಅಜ್ಜ ಅಜ್ಜಿಗೆ ಕೊಡುವಾಗ ಬಿಡಿಸಿ ಹೇಳಿ.

ಜೋರು ಉಸಿರು ಬೇಕಾದ್ದರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಬೇಡ. ಸಿಒಪಿಡಿ ಬಹಳ ಮುಂದುವರಿದು ಉಸಿರಿನ ಬಲವೇ ಕುಗ್ಗಿದವರಿಗೂ ಕಷ್ಟ. ತೀವ್ರವಾದ ದಮ್ಮಿನ ಹೊತ್ತಿನಲ್ಲಿ ಯಾರಿಗೂ ಇದನ್ನೊಂದೇ ನಂಬಿಸಬಾರದು. ಪಂಪಿನಿಂದ ಇದಕ್ಕೆ ಬದಲಿಸುವಾಗ ಡೋಸಿನ ಲೆಕ್ಕವನ್ನೂ ಡಾಕ್ಟರ ಹತ್ತಿರ ಕೇಳಿ. ಸಾಲ್ಬುಟಮಾಲ್ ಕ್ಯಾಪ್ಸೂಲಿನಲ್ಲಿ 200 ಮೈಕ್ರೋಗ್ರಾಂ, ಪಂಪಿನ ಒಂದು ಪಫ್‌ನಲ್ಲಿ 100. ಒಂದಕ್ಕೊಂದು ಸಮವಲ್ಲ.

ಕ್ಯಾಪ್ಸೂಲು ತುಂಬುವ ರಗಳೆ ಬೇಡವೆನ್ನುವವರಿಗೆ ಡೋಸುಗಳನ್ನೆಲ್ಲ ಒಳಗೇ ಜೋಡಿಸಿಟ್ಟ ಪುಡಿ ಸಾಧನಗಳಿವೆ, ಉಸಿರೆಳೆದ ಕೂಡಲೇ ತಾನಾಗಿ ಹೊಮ್ಮುವ ಪಂಪುಗಳೂ ಇವೆ. ತಾಳದ ತೊಂದರೆ ಇರುವ, ಸ್ಪೇಸರ್ ಹೊತ್ತು ತಿರುಗಲಾರದ ಕೆಲಸಗಾರರಿಗೆ ಎರಡನೆಯದು ಚೆನ್ನ. ಬೆಲೆ ಹೆಚ್ಚು, ಎಲ್ಲ ಔಷಧಿಯೂ ಆ ರೂಪದಲ್ಲಿ ಬರುವುದಿಲ್ಲ, ಸಣ್ಣ ಊರಿನ ಅಂಗಡಿಯಲ್ಲಿ ಸಿಗದೆಯೂ ಇರಬಹುದು. ಪ್ರತಿ ತಿಂಗಳು ಸಿಗುತ್ತದೆಯೇ ಎಂದು ವಿಚಾರಿಸಿಯೇ ಶುರುಮಾಡಿ.

ನೆಬ್ಯುಲೈಸರ್

ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿದ ಹತ್ತು ನಿಮಿಷಕ್ಕೆ ಮಗು ಸುಧಾರಿಸಿದ್ದನ್ನು ಕಂಡವರಿಗೆ ಮಷೀನಿನ ಮೇಲೆ ನಂಬಿಕೆ ಹುಟ್ಟುವುದು ಸಹಜ. ಅದರ ಹಿಂದಿನ ಲೆಕ್ಕ ನೋಡಿ. ಒಂದು ಸಾಲ್ಬುಟಮಾಲ್ ರೆಸ್ಪ್ಯೂಲಿನಲ್ಲಿ 2.5 ಮಿಲಿಗ್ರಾಂ, ಅಂದರೆ ಒಂದು ಪಫ್‌ನ 25 ಪಟ್ಟು. ಅದರಲ್ಲಿ ಬಹುಪಾಲು ಕಪ್ಪಿನಲ್ಲಿ, ಕೊಳವೆಯಲ್ಲಿ, ಕೋಣೆಯ ಗಾಳಿಯಲ್ಲಿ ಕಳೆದುಹೋಗುತ್ತದೆ. ಸ್ಪೇಸರಿನಲ್ಲಿ ಒಂದೊಂದಾಗಿ ಕೆಲವು ಪಫ್ ಕೊಟ್ಟರೆ, ಪ್ರಾಣಕ್ಕೆ ಬಂದಂಥ ದಾಳಿಯನ್ನು ಬಿಟ್ಟು, ಫಲ ಅಷ್ಟೇ. ಮಕ್ಕಳಲ್ಲಿ ಎದೆ ಹೊಡೆದುಕೊಳ್ಳುವುದೂ ಕಡಿಮೆ. "ಪವರ್ ಜಾಸ್ತಿ" ಅನ್ನುವ ಮಾತಿಗೆ ಆಧಾರವಿಲ್ಲ.

ಹಾಗಾದರೆ ಯಾರಿಗೆ ಬೇಕು? ಯಾವ ಸಾಧನವನ್ನೂ ಹಿಡಿಯಲಾಗದ, ಮಾತು ಅರ್ಥವಾಗದ ಹಿರಿಯರಿಗೆ. ಸ್ಪೇಸರ್ ಕೂಡ ಸಾಲದಷ್ಟು ಉಸಿರು ಬತ್ತಿದ ಸಿಒಪಿಡಿಯವರಿಗೆ. ಡಾಕ್ಟರೇ ನಿರ್ದಿಷ್ಟವಾಗಿ ಹೇಳಿದ ಮಕ್ಕಳಿಗೆ. ಮಷೀನಿನ ಬೆಲೆ ಒಂದೂವರೆ ಎರಡು ಸಾವಿರದಿಂದ ಶುರು. ಆದರೆ ಮಷೀನು ಒಂದು ಸಲದ ಖರ್ಚು. ಬುಡೆಸೊನೈಡನ್ನು ದಿನಕ್ಕೆರಡು ಸಲ ಇದರಲ್ಲೇ ಕೊಟ್ಟರೆ ತಿಂಗಳಿಗೆ 60 ರೆಸ್ಪ್ಯೂಲು. ಕೊಳ್ಳುವುದಾದರೆ ಕಂಪ್ರೆಸರ್ ಇರುವುದನ್ನೇ ಕೊಳ್ಳಿ. ಅಲ್ಟ್ರಾಸಾನಿಕ್ ಮಷೀನು ಬುಡೆಸೊನೈಡಿನಂಥ ತೇಲುಕಣದ ಔಷಧಿಗೆ ಆಗದು.

ತಪ್ಪುಗಳು ಇಲ್ಲಿ ಹೆಚ್ಚು. ಮಗು ಹಟ ಮಾಡುತ್ತದೆಂದು ಮಾಸ್ಕನ್ನು ನಾಲ್ಕು ಬೆರಳು ದೂರ ಹಿಡಿದರೆ ಔಷಧಿ ಗೋಡೆಗೆ ಹೋಗುತ್ತದೆ. ಬಳಸಿದ ಕಪ್ಪನ್ನು ತೊಳೆಯದೆ ಮುಚ್ಚಿಟ್ಟರೆ ಅದರಲ್ಲಿ ಬೆಳೆದ ಸೋಂಕು ಮರುದಿನ ನೇರ ಶ್ವಾಸಕೋಶಕ್ಕೆ. ಪ್ರತಿ ಸಲವೂ ಉಳಿದ ಹನಿ ಚೆಲ್ಲಿ, ಕಪ್ಪು ಮಾಸ್ಕು ತೊಳೆದು ಒಣಗಿಸಬೇಕು. ಏರ್ ಫಿಲ್ಟರ್ ಬೂದುಬಣ್ಣಕ್ಕೆ ತಿರುಗಿದರೆ ಬದಲಿಸಬೇಕು. ಔಷಧಿಗೆ ನಲ್ಲಿ ನೀರು ಬೆರೆಸಲೇಬಾರದು, ಬೇಕಾದರೆ ನಾರ್ಮಲ್ ಸಲೈನ್. ಇಪ್ರಾಟ್ರೋಪಿಯಂ ಇರುವ ಔಷಧಿ ಮಾಸ್ಕಿನ ಸಂದಿಯಿಂದ ಕಣ್ಣಿಗೆ ತಾಗಿದರೆ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಇರುವವರಿಗೆ ಅಪಾಯ, ಅವರಿಗೆ ಬಾಯಿಗಿಡುವ ಕೊಳವೆಯೇ ಸರಿ. ಮಷೀನಿದ್ದ ಮನೆಯಲ್ಲೂ ಪಂಪ್ ಮತ್ತು ಸ್ಪೇಸರ್ ಇರಲೇಬೇಕು. ಕರೆಂಟು ಹೇಳಿ ಹೋಗುವುದಿಲ್ಲ.

ಮಾತ್ರೆ, ಸಿರಪ್ಪು ಸಾಲದೇ?

ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ. ಪಫ್‌ನ 40 ಪಟ್ಟು. ಹೊಟ್ಟೆಗೆ ಹೋಗಿ ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಆಮೇಲೆ ಶ್ವಾಸನಾಳಕ್ಕೆ. ಪಫ್ ಕೆಲವೇ ನಿಮಿಷದಲ್ಲಿ ಕೆಲಸ ಮಾಡುತ್ತದೆ. ಸ್ಟಿರಾಯ್ಡಿನ ಲೆಕ್ಕವೂ ಹೀಗೇ: ಪಂಪಿನದು ಮೈಕ್ರೋಗ್ರಾಮಿನಲ್ಲಿ, ಮಾತ್ರೆಯದು ಮಿಲಿಗ್ರಾಮಿನಲ್ಲಿ. ಪಂಪ್ ಚಟ ಹತ್ತಿಸುವುದಿಲ್ಲ. ಬಿಪಿ ಮಾತ್ರೆಯ ಹಾಗೆ, ಕಾಯಿಲೆ ಇರುವವರೆಗೆ ಔಷಧಿ. ಮೃಗಶಿರ ಮಳೆ ಹುಟ್ಟುವ ದಿನ ಮೀನಿನ ಔಷಧಿಗೆಂದು ಹೈದರಾಬಾದಿನ ಸಾಲಿನಲ್ಲಿ ನಿಲ್ಲುವವರಿಗೂ ಒಂದೇ ವಿನಂತಿ: ಪಂಪ್ ಜೇಬಿನಲ್ಲಿರಲಿ, ದಿನದ ಔಷಧಿ ನಿಲ್ಲದಿರಲಿ.

ಹೀಗಿದ್ದರೆ ಹೀಗೆ

ಎರಡು ವರ್ಷದ ಮಗು, ಬಜೆಟ್ ಎಷ್ಟೇ ಇರಲಿ: ಪಂಪ್, ಸ್ಪೇಸರ್, ಮಾಸ್ಕ್. ಹತ್ತು ವರ್ಷದ ಹುಡುಗಿ: ಮನೆಯಲ್ಲಿ ಸ್ಪೇಸರಿನೊಂದಿಗೆ ದಿನದ ಔಷಧಿ, ಶಾಲೆಯ ಬ್ಯಾಗಿನಲ್ಲಿ ಇನ್ನೊಂದು ತುರ್ತು ಪಂಪ್, ಪಿ.ಟಿ. ಮೇಷ್ಟ್ರಿಗೆ ಗೊತ್ತಿರಲಿ. ಅಡಿಕೆ ಸುಲಿಯುವ, ರೈಸ್ ಮಿಲ್ಲಿನ ದೂಳಿನಲ್ಲಿ ದುಡಿಯುವ, ಉಸಿರಿನ ಬಲ ಚೆನ್ನಾಗಿರುವ ನಲವತ್ತರ ಗಂಡಸು: ದಿನಕ್ಕೆ ಪುಡಿ ಆಗಬಹುದು, ತುರ್ತಿಗೆ ಪಂಪ್. ಮಲೆನಾಡಾದರೆ ಎರಡಕ್ಕೂ ಪಂಪೇ ವಾಸಿ. ಎಪ್ಪತ್ತು ದಾಟಿದ, ಬೆರಳು ಸೊಟ್ಟಗಾದ ಸಿಒಪಿಡಿಯ ಅಜ್ಜಿ: ಪಂಪ್ ಒತ್ತಲು ಮನೆಯವರೊಬ್ಬರು, ಸ್ಪೇಸರಿನಲ್ಲಿ ಅವರ ಪಾಡಿಗೆ ನಾಲ್ಕೈದು ಉಸಿರು, ಅದೂ ಆಗದಿದ್ದರೆ ನೆಬ್ಯುಲೈಸರ್. ಒಬ್ಬರಿಗೆ ಎರಡು ಔಷಧಿ ಇದ್ದರೆ ಸಾಧ್ಯವಾದಷ್ಟು ಒಂದೇ ಬಗೆಯ ಸಾಧನ ಕೇಳಿ. ಬೆಳಿಗ್ಗೆ ನಿಧಾನ, ಸಂಜೆ ಜೋರು ಎಂದರೆ ಎರಡೂ ಕೆಡುತ್ತದೆ.

ಯಾವುದನ್ನು ಆರಿಸಿದರೂ ಸ್ಟಿರಾಯ್ಡ್ ಇರುವ ಔಷಧಿಯಾದ ಮೇಲೆ ನೀರಲ್ಲಿ ಬಾಯಿ ಮುಕ್ಕಳಿಸಿ ಉಗುಳಿ. ಮಾಸ್ಕ್ ಹಾಕಿದ್ದರೆ ಮುಖವನ್ನೂ ಒರೆಸಿ. ಡಾಕ್ಟರ ಹತ್ತಿರ ಹೋಗುವಾಗ ಸಾಧನವನ್ನೇ ಒಯ್ದು ಅವರೆದುರೇ ಒಂದು ಡೋಸು ತೆಗೆದುಕೊಂಡು ತೋರಿಸಿ. ಔಷಧಿ ಹಿಡಿಸುತ್ತಿಲ್ಲವೆಂದು ಡೋಸು ಏರಿಸುವ ಮುಂಚೆ ನೋಡಬೇಕಾದದ್ದು ಅದನ್ನೇ.

ತುರ್ತು ಪಂಪನ್ನು ಎಷ್ಟು ಬಳಸುತ್ತೀರೆಂದು ಎಣಿಸಿ. 200 ಡೋಸಿನ ಸಾಲ್ಬುಟಮಾಲ್ ಪಂಪ್ ವರ್ಷಕ್ಕೆ ಮೂರೋ ಹೆಚ್ಚೋ ಖಾಲಿಯಾಗುತ್ತಿದ್ದರೆ ಆಸ್ತಮಾ ಹತೋಟಿಯಲ್ಲಿಲ್ಲ, ದೊಡ್ಡ ದಾಳಿಯ ಅಪಾಯವಿದೆ. ಜಗತ್ತಿನ ಆಸ್ತಮಾ ಮಾರ್ಗಸೂಚಿಯಾದ ಜೀನಾ 2019ರಿಂದ ಬರೀ ಸಾಲ್ಬುಟಮಾಲನ್ನೇ ನಂಬಿಕೊಂಡಿರುವ ಚಿಕಿತ್ಸೆಯನ್ನು ಕೈಬಿಟ್ಟಿದೆ. ಸ್ಟಿರಾಯ್ಡ್ ಜೊತೆಗಿರುವ ಫಾರ್ಮೊಟೆರಾಲನ್ನೇ (ಶ್ವಾಸನಾಳ ಸಡಿಲಿಸುವ ದೀರ್ಘಾವಧಿ ಔಷಧಿ) ತುರ್ತಿಗೂ ಬಳಸುವ ವಿಧಾನವಿದೆ. ನಿಮಗೆ ಒಗ್ಗುತ್ತದೆಯೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ.

ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಮಂಪರು, ಮಗುವಿನ ಪಕ್ಕೆ ಒಳಸೆಳೆಯುವುದು ಕಂಡರೆ 108ಕ್ಕೆ ಕರೆ ಮಾಡಿ, ಕೂರಿಸಿಯೇ ಇಡಿ, ಮಲಗಿಸಬೇಡಿ. ಆಂಬುಲೆನ್ಸ್ ಬರುವವರೆಗೆ ಆರು ವರ್ಷ ತುಂಬಿದವರಿಗೆ ಸ್ಪೇಸರಿನಲ್ಲಿ ಸಾಲ್ಬುಟಮಾಲ್ 4ರಿಂದ 10 ಪಫ್, ಒಂದೊಂದಾಗಿ, 20 ನಿಮಿಷಕ್ಕೊಮ್ಮೆ. ಐದು ವರ್ಷದವರೆಗಿನ ಮಕ್ಕಳಿಗೆ 2 ಪಫ್, 20 ನಿಮಿಷಕ್ಕೊಮ್ಮೆ, ಒಂದು ಗಂಟೆಯಲ್ಲಿ ಒಟ್ಟು ಆರರವರೆಗೆ. ಈ ಎರಡು ಸಾಲನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.